ವಾರ ತಪ್ಪದ ಶಾಲೆ

ಜರ್ಮನಿಯ ಲೈಪ್‌ಜಿಗ್ ನಗರದ ಸಂತ ಥಾಮಸ್ ಶಾಲೆ ಶುರುವಾದದ್ದು 1212ರಲ್ಲಿ. ನಮ್ಮಲ್ಲಿ ಆಗ ಹೊಯ್ಸಳರ ಇಮ್ಮಡಿ ಬಲ್ಲಾಳ ಪಟ್ಟದಲ್ಲಿದ್ದ. ಮೈಸನ್ ಸೀಮೆಯ ದೊರೆ ಡೀಟ್ರಿಖ್ ಅಗಸ್ಟೀನ್ ಸಭೆಯ ಸನ್ಯಾಸಿಗಳಿಗೆ ಮಠ ಕಟ್ಟಿಸಿಕೊಟ್ಟಾಗ ಅದರ ಮಗ್ಗುಲಲ್ಲೇ ಈ ಶಾಲೆಯೂ ಹುಟ್ಟಿಕೊಂಡಿತು. ಆರಾಧನೆಯ ಹೊತ್ತಿಗೆ ಹಾಡಲು ಹುಡುಗರು ಬೇಕಿತ್ತು. ಆಮೇಲೆ ಲೂಥರನ ಮತಸುಧಾರಣೆ ಬಂದು ಮಠವೇ ಇಲ್ಲವಾಯಿತು. ಮೂವತ್ತು ವರ್ಷದ ಯುದ್ಧ ಬಂತು, ನೆಪೋಲಿಯನ್ ಇದೇ ಊರಿನ ಹೊರವಲಯದಲ್ಲಿ ಸೋತ, ಹಿಟ್ಲರ್ ಬಂದ, ಬಾಂಬು ಬಿತ್ತು, ನಲವತ್ತು ವರ್ಷ ಕಮ್ಯುನಿಸ್ಟ್ ಸರ್ಕಾರ ಆಳಿತು. ಶಾಲೆ ಮಾತ್ರ ನಡೆಯುತ್ತಲೇ ಇದೆ. ಇಷ್ಟು ದೀರ್ಘ ಆಯುಸ್ಸಿಗೆ ಕಾರಣವೇನೆಂದು ಕೇಳಿದರೆ ಸಿಗುವ ಸಿದ್ಧ ಉತ್ತರ ಒಂದೇ: ಯೋಹಾನ್ ಸೆಬಾಸ್ಟಿಯನ್ ಬಾಖ್. 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಬಾಖ್ ಇಲ್ಲಿ ಕ್ಯಾಂಟರ್ ಆಗಿದ್ದ, ಅಂದರೆ ಶಾಲೆಯ ಸಂಗೀತದ ಮೇಷ್ಟ್ರು. ಅಂಥ ಹೆಸರು ಬೆನ್ನಿಗಿದ್ದ ಸಂಸ್ಥೆ ಉಳಿಯದೆ ಏನಾದೀತು ಎಂಬುದು ಆ ಉತ್ತರದ ತಾತ್ಪರ್ಯ. ಆದರೆ ಬಾಖ್ ಬರುವ ಹೊತ್ತಿಗೇ ಶಾಲೆಗೆ ಐನೂರು ವರ್ಷ ದಾಟಿತ್ತು. ಅವನು ಸತ್ತ ಮೇಲೆ ಹಲವು ದಶಕ ಹೊರಜಗತ್ತು ಅವನ ಗಾಯನ ಕೃತಿಗಳನ್ನು ಹೆಚ್ಚು ಕಡಿಮೆ ಮರೆತೇಬಿಟ್ಟಿತ್ತು; ಆಗಲೂ ಶಾಲೆ ನಡೆಯಿತು. ಈ ಶಾಲೆಯನ್ನು ಉಳಿಸಿದ್ದು ಅದರ ಪಂಚಾಂಗ ಎಂಬುದು ಈ ಲೇಖನದ ವಾದ. ವಾರಕ್ಕಿಷ್ಟು ಸಲ, ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ ನಿಂತು ಹಾಡಲೇಬೇಕು ಎಂಬ ಕಟ್ಟು ಮಿಕ್ಕೆಲ್ಲವನ್ನೂ ಹಿಡಿದು ನಿಲ್ಲಿಸಿದೆ.

ಈಗಿನ ವ್ಯವಸ್ಥೆ ಹೀಗಿದೆ. ಗಾಯನ ಮೇಳಕ್ಕೆ ಸೇರಿದ, ಒಂಬತ್ತರಿಂದ ಹದಿನೆಂಟು ವರ್ಷದೊಳಗಿನ ಸುಮಾರು ನೂರು ಹುಡುಗರು ಹಿಲ್ಲರ್ ಬೀದಿಯ ವಿದ್ಯಾರ್ಥಿನಿಲಯದಲ್ಲಿ ಇರುತ್ತಾರೆ. ಓದುವುದು ಪಕ್ಕದ ಥಾಮಸ್ ಶಾಲೆಯಲ್ಲಿ. ಅಲ್ಲಿ ಮನೆಯಿಂದ ಬಂದು ಹೋಗುವ ಹುಡುಗ ಹುಡುಗಿಯರೇ ಹೆಚ್ಚು, ಮೇಳದ ಹುಡುಗರು ಅವರ ಜೊತೆ ಕೂತು ಗಣಿತ, ಲ್ಯಾಟಿನ್ ಕಲಿಯುತ್ತಾರೆ. ತರಗತಿ ಮುಗಿದ ಮೇಲೆ ಮೇಳದ ಅಭ್ಯಾಸ, ಒಬ್ಬೊಬ್ಬರಿಗೂ ಬೇರೆಯಾಗಿ ಕಂಠದ ಪಾಠ, ಸಾಮಾನ್ಯವಾಗಿ ಒಂದು ವಾದ್ಯದ ಪಾಠವೂ ಇರುತ್ತದೆ. ಶುಕ್ರವಾರ ಸಂಜೆ ಆರಕ್ಕೆ ಸಂತ ಥಾಮಸ್ ಚರ್ಚಿನಲ್ಲಿ ಮೋಟೆಟ್ ಎಂಬ ಗಾಯನ ಪ್ರಾರ್ಥನೆ, ಶನಿವಾರ ಮಧ್ಯಾಹ್ನ ಮೂರಕ್ಕೆ ಮತ್ತೊಂದು. ಶನಿವಾರ ಸಾಮಾನ್ಯವಾಗಿ ಬಾಖ್‌ನ ಒಂದು ಕ್ಯಾಂಟಾಟ, ಅಂದರೆ ವಾದ್ಯಸಹಿತ ಗಾಯನ ಕೃತಿ, ಸೇರುತ್ತದೆ, ನಗರದ ಹೆಸರಾಂತ ಗೆವಾಂಡ್‌ಹೌಸ್ ವಾದ್ಯವೃಂದದವರು ಜೊತೆಗೂಡುತ್ತಾರೆ. ಭಾನುವಾರ ಬೆಳಿಗ್ಗೆ ಆರಾಧನೆ. ಶಾಲೆಗೆ ರಜೆ ಇಲ್ಲದ ವಾರವೆಲ್ಲ ಇದೇ ಕ್ರಮ. ನಿಲಯದ ಕೋಣೆಗಳನ್ನು ಹಂಚುವ ರೀತಿಯನ್ನೂ ಗಮನಿಸಬೇಕು. ಒಂದೇ ವಯಸ್ಸಿನವರನ್ನು ಒಟ್ಟಿಗೆ ಹಾಕುವುದಿಲ್ಲ. ಹತ್ತು ವರ್ಷದವನೂ ಹದಿನೇಳರವನೂ ಒಂದೇ ಕೋಣೆ. ಹೊಸಬನಿಗೆ ಪುಟ ತಿರುಗಿಸುವುದರಿಂದ ಹಿಡಿದು ಬಟ್ಟೆ ಮಡಿಸುವುದರವರೆಗೆ ತೋರಿಸಿಕೊಡುವುದು ಹಿರಿಯನ ಪಾಲಿನ ಕೆಲಸ. ಹುಡುಗರು ಈ ಕಟ್ಟಡವನ್ನು ‘ಪೆಟ್ಟಿಗೆ’ ಎಂಬರ್ಥದ ಅಡ್ಡಹೆಸರಿಂದ ಕರೆಯುತ್ತಾರಂತೆ. ಹಾಸ್ಟೆಲಿನಲ್ಲಿ ಓದಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವರ್ಷದ ಲೆಕ್ಕ ಇಲ್ಲಿ ಎರಡು. ಶಾಲೆಯ ವರ್ಷ ಬೇಸಿಗೆ ರಜೆ ಕಳೆದು ಶುರುವಾಗುತ್ತದೆ, ಚರ್ಚಿನ ವರ್ಷ ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮುಂಚೆ. ಹುಡುಗರು ನಿಜವಾಗಿ ಬದುಕುವುದು ಎರಡನೆಯದರಲ್ಲಿ. ಅಕ್ಟೋಬರ್ 31ಕ್ಕೆ ಲೂಥರನ ಸುಧಾರಣೆಯ ಹಬ್ಬ, ನವೆಂಬರ್ ಕೊನೆಗೆ ಸತ್ತವರನ್ನು ನೆನೆಯುವ ಭಾನುವಾರ, ಆಮೇಲೆ ಡಿಸೆಂಬರಿನ ನೂಕುನುಗ್ಗಲು. ಕ್ರಿಸ್‌ಮಸ್ ಹಾಡುಗಳ ಸಂಜೆಗಳು, ಬಾಖ್‌ನ ‘ಕ್ರಿಸ್‌ಮಸ್ ಒರಟೋರಿಯೊ’, 24ರ ಸಂಜೆಯ ಆರಾಧನೆ ಎಲ್ಲ ಒಂದರ ಬೆನ್ನಿಗೆ ಒಂದು. ಊರಿನ ಮಕ್ಕಳೆಲ್ಲ ಮನೆಯಲ್ಲಿ ಉಡುಗೊರೆ ಬಿಚ್ಚಲು ಕಾಯುತ್ತಿರುವಾಗ ಇವರು ಚರ್ಚಿನ ಅಟ್ಟದ ಮೇಲೆ ನಿಂತಿರುತ್ತಾರೆ. ವಸಂತದಲ್ಲಿ ಶುಭ ಶುಕ್ರವಾರದ ಹೊತ್ತಿಗೆ ಯೇಸುವಿನ ಯಾತನೆಯನ್ನು ಹಾಡಿ ಹೇಳುವ ‘ಮತ್ತಾಯ’ ಅಥವಾ ‘ಯೋಹಾನ’ ಪ್ಯಾಷನ್. ಸುಮಾರು ಎರಡು ಗಂಟೆಯಿಂದ ಎರಡೂವರೆ ಗಂಟೆಗೂ ಮೀರಿ ನಡೆಯುವ ಕೃತಿಗಳಿವು. ಜೂನಿನಲ್ಲಿ ಬಾಖ್ ಉತ್ಸವ, ನಡುನಡುವೆ ಪರವೂರು ಪರದೇಶಗಳ ಕಛೇರಿ. ಹಾಡುವ ಕೃತಿಗಳು ಬಹುಪಾಲು ಮತ್ತೆ ಮತ್ತೆ ಬರುವಂಥವೇ. ಹಾಗಾಗಿ ಒಂಬತ್ತು ವರ್ಷ ಇಲ್ಲಿ ಕಳೆದ ಹುಡುಗ ಒಂದೇ ಕೃತಿಯನ್ನು ಮೊದಲು ಎತ್ತರದ ಸೊಪ್ರಾನೊದಲ್ಲಿ ಹಾಡಿ, ಗಂಟಲು ಒಡೆದ ಮೇಲೆ ಟೆನರ್ ಅಥವಾ ಬೇಸ್ ಆಗಿ ಮತ್ತೆ ಹಾಡುತ್ತಾನೆ. ಇಂಗ್ಲೆಂಡಿನ ಚರ್ಚ್ ಶಾಲೆಗಳಲ್ಲಿ ಹದಿಮೂರರ ಸುಮಾರಿಗೆ ದನಿ ಒಡೆದ ಹುಡುಗ ಮೇಳ ಬಿಟ್ಟು ಹೋಗುತ್ತಾನೆ, ಕೆಳಗಿನ ದನಿಗಳಿಗೆ ಸಂಬಳದ ವಯಸ್ಕ ಗಾಯಕರಿರುತ್ತಾರೆ. ಲೈಪ್‌ಜಿಗ್‌ನಲ್ಲಿ ನಾಲ್ಕೂ ದನಿ ಹುಡುಗರದೇ. ಕಲಿತವನು ಕಲಿಸುವವನಾಗುವಷ್ಟು ಕಾಲ ಉಳಿಯುತ್ತಾನೆ, ಅದರಿಂದಲೇ ವರ್ಷದ ಚಕ್ರ ಪ್ರತಿ ಸಲ ಮೊದಲಿನಿಂದ ಶುರುವಾಗಬೇಕಿಲ್ಲ.

ಈ ಕಟ್ಟಿನ ಬೇರು ಭಕ್ತಿಯಲ್ಲಿ ಎಷ್ಟಿದೆಯೋ ಹೊಟ್ಟೆಪಾಡಿನಲ್ಲೂ ಅಷ್ಟೇ ಇದೆ. ಸುಧಾರಣೆ ಲೈಪ್‌ಜಿಗ್‌ಗೆ ಬಂದದ್ದು 1539ರಲ್ಲಿ. 1543ರಲ್ಲಿ ನಗರಸಭೆ ಮಠದ ಆಸ್ತಿಯನ್ನು ಕೊಂಡು ಶಾಲೆಯನ್ನೂ ತನ್ನ ಸುಪರ್ದಿಗೆ ತೆಗೆದುಕೊಂಡಿತು. ಚರ್ಚಿಗೆ ಹಾಡುವ ಶಾಲೆ ನಗರಸಭೆಯ ಶಾಲೆಯಾದದ್ದು ಹಾಗೆ, ಇಂದಿಗೂ ಅದು ಹಾಗೇ ಇದೆ. ಆಗ ನಿಲಯದ ಹುಡುಗರು ಬಡವರು. ಊಟ, ವಸತಿ, ಓದು ಸಿಗುತ್ತಿದ್ದದ್ದು ಹಾಡಿದ್ದಕ್ಕೆ. ನಮ್ಮಲ್ಲಿ ವಾರಾನ್ನದ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ ಹಾಗೆ ಇವರು ಬೀದಿ ಬೀದಿಯಲ್ಲಿ, ಮನೆ ಬಾಗಿಲಲ್ಲಿ ಹಾಡಿ ಕಾಸು ಕೂಡಿಸುತ್ತಿದ್ದರು. ವ್ಯತ್ಯಾಸ ಇಷ್ಟೇ, ವಾರಾನ್ನದವನಿಗೆ ಋಣ ಉಳಿಯುತ್ತಿತ್ತು, ಇವರು ಅದನ್ನು ಗಂಟಲಿನಿಂದ ಆಗಿಂದಾಗ ತೀರಿಸುತ್ತಿದ್ದರು. ಶವಯಾತ್ರೆಗೆ ಮುಂದೆ ನಡೆದು ಹಾಡುವುದೂ ಇವರ ಕೆಲಸ. ಅದಕ್ಕೆ ದರದ ಪಟ್ಟಿಯೇ ಇತ್ತು. ಸತ್ತವರ ಮನೆಯವರು ಅಂತಸ್ತಿಗೆ ತಕ್ಕಂತೆ ‘ಪೂರ್ತಿ ಶಾಲೆ’, ‘ಅರ್ಧ ಶಾಲೆ’, ‘ಕಾಲು ಶಾಲೆ’ ಎಂದು ಗೊತ್ತುಪಡಿಸಿಕೊಳ್ಳುತ್ತಿದ್ದರು. ಅದರಲ್ಲಿ ಕ್ಯಾಂಟರನಿಗೂ ಪಾಲು. 1730ರ ಅಕ್ಟೋಬರ್‌ನಲ್ಲಿ ಬಾಖ್ ತನ್ನ ಬಾಲ್ಯದ ಗೆಳೆಯ ಏರ್ಡ್‌ಮನ್‌ಗೆ ಬರೆದ ಕಾಗದದಲ್ಲಿ ಈ ಬಗ್ಗೆ ಗೊಣಗಿದ್ದಾನೆ: ಊರಿನ ಗಾಳಿ ಚೆನ್ನಾಗಿದ್ದರೆ ಸಾಯುವವರು ಕಡಿಮೆ, ಅದರಿಂದಾಗಿ ಹಿಂದಿನ ವರ್ಷ ನೂರು ಥಾಲರ್‌ಗೂ ಹೆಚ್ಚು ಹಣ ಕೈತಪ್ಪಿತು. ಮಹಾ ಸಂಗೀತಗಾರನ ಬಾಯಲ್ಲಿ ಈ ಮಾತು ಕೇಳಿ ಮುಜುಗರಪಡುವವರಿದ್ದಾರೆ. ಮುಜುಗರಕ್ಕೆ ಕಾರಣ ಕಾಣುವುದಿಲ್ಲ. ಹಬ್ಬ, ಮದುವೆ, ಸಾವು, ಭಾನುವಾರ ಇವೆಲ್ಲ ತಪ್ಪದೆ ಬರುವಂಥವು; ಅವುಗಳಿಗೆ ಗಂಟು ಹಾಕಿಕೊಂಡ ಶಾಲೆಗೆ ಕೆಲಸವೂ ತಪ್ಪಲಿಲ್ಲ, ಅನ್ನವೂ ತಪ್ಪಲಿಲ್ಲ.

ಬಾಖ್‌ನ ಸೃಷ್ಟಿಯನ್ನೂ ಈ ಪಂಚಾಂಗವೇ ತಿದ್ದಿ ತೀಡಿತು. ಭಾನುವಾರಗಳು, ಹಬ್ಬದ ದಿನಗಳು ಸೇರಿ ವರ್ಷಕ್ಕೆ ಸುಮಾರು ಅರವತ್ತು ಕ್ಯಾಂಟಾಟ ಬೇಕಾಗುತ್ತಿತ್ತು, ಮೊದಲ ವರ್ಷಗಳಲ್ಲಿ ಅವನು ಹೆಚ್ಚುಕಡಿಮೆ ವಾರಕ್ಕೊಂದರಂತೆ ಹೊಸದನ್ನೇ ಬರೆದ. ಬರೆದು, ದನಿ ದನಿಗೆ ಪ್ರತಿ ಮಾಡಿಸಿ, ಹುಡುಗರಿಗೆ ಕಲಿಸಿ, ಭಾನುವಾರ ಹಾಡಿಸಬೇಕು. ಸೋಮವಾರಕ್ಕೆ ಮುಂದಿನದು ಶುರು. ಪ್ರತಿ ಮಾಡಿದವರಲ್ಲಿ ಶಾಲೆಯ ಹುಡುಗರೂ ಇದ್ದರು. ಆದರೆ ವರ್ಷದಲ್ಲಿ ಎರಡು ಸಲ ಈ ಯಂತ್ರ ನಿಲ್ಲುತ್ತಿತ್ತು. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಮೊದಲ ಭಾನುವಾರ ಬಿಟ್ಟು ಮಿಕ್ಕವುಗಳಲ್ಲಿ, ಹಾಗೇ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಲೈಪ್‌ಜಿಗ್‌ನ ಚರ್ಚುಗಳಲ್ಲಿ ವಾದ್ಯಸಹಿತ ಸಂಗೀತಕ್ಕೆ ಬಿಡುವು. ಆ ಮೌನದ ವಾರಗಳೇ ಬಾಖ್‌ಗೆ ದೊಡ್ಡ ಕೃತಿಗೆ ಸಿಕ್ಕ ಬಿಡುವು. 1724ರ ಏಪ್ರಿಲ್ 7ರ ಶುಭ ಶುಕ್ರವಾರ ಸಂತ ನಿಕೊಲಾಸ್ ಚರ್ಚಿನಲ್ಲಿ ‘ಯೋಹಾನ ಪ್ಯಾಷನ್’ ಮೊದಲ ಸಲ ಕೇಳಿಸಿದ್ದು, 1727ರ ಶುಭ ಶುಕ್ರವಾರ ‘ಮತ್ತಾಯ ಪ್ಯಾಷನ್’ ಕೇಳಿಸಿದ್ದು ಈ ಬಿಡುವಿನ ಕೊನೆಯಲ್ಲಿ. ‘ಕ್ರಿಸ್‌ಮಸ್ ಒರಟೋರಿಯೊ’ವನ್ನು ಈಗ ಒಂದು ಅಥವಾ ಎರಡು ಸಂಜೆಯಲ್ಲಿ ಕೇಳಿ ಮುಗಿಸುತ್ತೇವೆ. 1734ರಲ್ಲಿ ಅದು ಆರು ದಿನದ ಕೆಲಸವಾಗಿತ್ತು: ಡಿಸೆಂಬರ್ 25, 26, 27, ಹೊಸ ವರ್ಷದ ದಿನ, ಮರುದಿನದ ಭಾನುವಾರ, ಜನವರಿ 6ರ ಮೂರು ರಾಯರ ಹಬ್ಬ. ಹಬ್ಬದ ದಿನವೊಂದಕ್ಕೆ ಒಂದು ಭಾಗ. ಪಂಚಾಂಗವನ್ನು ಪಕ್ಕಕ್ಕಿಟ್ಟರೆ ಆ ಕೃತಿಯ ಆಕಾರವೇ ಅರ್ಥವಾಗದು.

ವಾರದ ಕಟ್ಟು ಎಷ್ಟು ನಿರ್ದಾಕ್ಷಿಣ್ಯವಾದದ್ದು ಎಂಬುದಕ್ಕೆ ಒಂದು ದಾಖಲೆ ಸಾಕು. 1730ರ ಆಗಸ್ಟ್ 23ರಂದು ಬಾಖ್ ನಗರಸಭೆಗೆ ಒಂದು ಅಹವಾಲು ಸಲ್ಲಿಸಿದ. ನಾಲ್ಕು ಚರ್ಚುಗಳಿಗೆ ನಾಲ್ಕು ಮೇಳ ಒದಗಿಸಬೇಕು, ಇರುವ ಹುಡುಗರು ಸಾಲುತ್ತಿಲ್ಲ ಎಂಬುದು ಅದರ ಸಾರ. ಕೊನೆಗೆ ಒಬ್ಬೊಬ್ಬನ ಹೆಸರು ಬರೆದು ಮೂರು ಗುಂಪು ಮಾಡಿದ್ದಾನೆ: ಕೆಲಸಕ್ಕೆ ಬರುವವರು 17, ಇನ್ನೂ ಪಳಗಬೇಕಾದವರು 20, ಯಾವುದಕ್ಕೂ ಬಾರದವರು 17. ಒಟ್ಟು ಐವತ್ನಾಲ್ಕು ಮಕ್ಕಳಲ್ಲಿ ಮೂರರಲ್ಲೊಂದು ಪಾಲು ನಿಷ್ಪ್ರಯೋಜಕ ಎಂದು ಮೇಷ್ಟ್ರೇ ಬರೆದುಕೊಟ್ಟ ಪಟ್ಟಿ ಅದು. ಸ್ವರದ ಗಂಧವೇ ಇಲ್ಲದ, ಚರ್ಚಿನ ಸಾದಾ ಹಾಡನ್ನಷ್ಟೇ ಹೇಗೋ ಹೇಳಬಲ್ಲ ಹುಡುಗರನ್ನು ಅವನು ಸಂತ ಪೇತ್ರರ ಚರ್ಚಿಗೆ ಕಳಿಸುತ್ತಿದ್ದ; ಆ ಚರ್ಚಿನ ಭಕ್ತರ ಪಾಡು ಏನಾಗಿತ್ತೋ. ಕಠೋರವಾಗಿ ಕಾಣುವ ಈ ಪಟ್ಟಿಯ ಹಿಂದೆ ಒಂದು ಪ್ರಾಮಾಣಿಕತೆಯೂ ಇದೆ. ಪರೀಕ್ಷೆಯ ಅಂಕವನ್ನು ಹಿಗ್ಗಿಸಬಹುದು. ಭಾನುವಾರ ಬೆಳಿಗ್ಗೆ ಊರೆಲ್ಲ ಕೂತಿರುವಾಗ ಬಾರದ ಸ್ವರವನ್ನು ಬಂದಂತೆ ತೋರಿಸಲಾಗದು. ಮಾಡಿದ ಅಭ್ಯಾಸ ಅದೇ ವಾರ, ಎಲ್ಲರ ಕಿವಿಗೆ ಬೀಳುವಂತೆ ಬಳಕೆಯಾಗುವ ಶಾಲೆಗಳು ಲೋಕದಲ್ಲಿ ತೀರಾ ಕಡಿಮೆ.

ಬಾಖ್ ಶಾಲೆಯನ್ನು ಉಳಿಸಿದ ಎನ್ನುವವರು ತಿರುವುಮುರುವಾಗಿಯೂ ಯೋಚಿಸಬೇಕು. 1750ರಲ್ಲಿ ಅವನು ತೀರಿಕೊಂಡಾಗ ಹಸ್ತಪ್ರತಿಗಳು ಮಕ್ಕಳ ನಡುವೆ ಹಂಚಿಹೋಗಿ ಎಷ್ಟೋ ಕಳೆದುಹೋದವು. ಆದರೆ ಅವನ ಹೆಂಡತಿ ಆನಾ ಮಗ್ದಲೇನಾ ಮೂಲಕ ಶಾಲೆಗೆ ಬಂದ ಕ್ಯಾಂಟಾಟಗಳ ಮೇಳಪ್ರತಿಗಳಲ್ಲಿ 44 ಕೃತಿಗಳವು ಇವತ್ತಿಗೂ ಉಳಿದಿವೆ, ಈಗ ಅದೇ ಊರಿನ ಬಾಖ್ ಸಂಗ್ರಹಾಲಯದ ಸುಪರ್ದಿಯಲ್ಲಿವೆ. ಅವನ ಮೋಟೆಟ್‌ಗಳಂತೂ ಹಾಡುವುದೇ ನಿಲ್ಲಲಿಲ್ಲ. ವಾದ್ಯದ ಖರ್ಚಿಲ್ಲದೆ ಹುಡುಗರೇ ಹಾಡಬಹುದಾದ್ದರಿಂದ ವಾರದ ಪಾಳಿಗೆ ಅವು ಹೇಳಿ ಮಾಡಿಸಿದಂತಿದ್ದವು. 1789ರಲ್ಲಿ ಲೈಪ್‌ಜಿಗ್‌ಗೆ ಬಂದ ಮೊಜಾರ್ಟ್ ಅವುಗಳಲ್ಲೊಂದನ್ನು ಈ ಹುಡುಗರ ಬಾಯಲ್ಲಿ ಕೇಳಿ ಬೆರಗಾಗಿ, ದನಿ ದನಿಯ ಹಾಳೆಗಳನ್ನು ತರಿಸಿ ಸುತ್ತ ಹರಡಿಕೊಂಡು ಓದಿದ ಎಂದು ಅಲ್ಲಿದ್ದವನೊಬ್ಬ ಮುಂದೆ ಬರೆದ. ಬರ್ಲಿನ್‌ನಲ್ಲಿ ಮೆಂಡೆಲ್ಸನ್ ‘ಮತ್ತಾಯ ಪ್ಯಾಷನ್’ ಹಾಡಿಸಿ ಬಾಖ್‌ನನ್ನು ಜಗತ್ತಿಗೆ ಮರಳಿ ಕೊಟ್ಟದ್ದು 1829ರಲ್ಲಿ. ಮೊಜಾರ್ಟ್ ಕೇಳಿ ಬೆರಗಾದದ್ದು ಅದಕ್ಕೂ ನಲವತ್ತು ವರ್ಷ ಹಿಂದೆ. ಮೇಧಾವಿಯನ್ನು ಮರೆತ ಕಾಲದಲ್ಲಿ ಅವನನ್ನು ಜೀವಂತವಾಗಿಟ್ಟದ್ದು ವಾರ ವಾರ ಹಾಡುವ ರೂಢಿ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಪಂಚಾಂಗ ಉಳಿಸಿತು ಎನ್ನುವುದು ಚಂದದ ಮಾತು. ನಿಜವಾಗಿ ಉಳಿಸಿದ್ದು ಆಳುವವರ ಜೊತೆಗಿನ ಹೊಂದಾಣಿಕೆಯಲ್ಲವೆ? ಆಕ್ಷೇಪದಲ್ಲಿ ಹುರುಳಿದೆ. 1937ರಲ್ಲಿ ಇಡೀ ಮೇಳವನ್ನು ಹಿಟ್ಲರ್ ಯುವದಳಕ್ಕೆ ಸೇರಿಸಲಾಯಿತು. ಪೂರ್ವ ಜರ್ಮನಿಯ ಸರ್ಕಾರಕ್ಕೆ ದೇವರು ಬೇಡವಾಗಿದ್ದರೂ ಹೊರದೇಶಗಳಲ್ಲಿ ಮೆರೆಸಲು, ವಿದೇಶಿ ಹಣ ತರಲು ಮೇಳ ಬೇಕಿತ್ತು. 1972ರಿಂದ ಕ್ಯಾಂಟರ್ ಆಗಿದ್ದ ಹಾನ್ಸ್ ಯೋಆಖಿಮ್ ರೋಟ್ಷ್ ರಹಸ್ಯ ಪೊಲೀಸರೊಂದಿಗಿನ ನಂಟು ಬಯಲಾಗಿ 1991ರಲ್ಲಿ ಹುದ್ದೆ ಬಿಡಬೇಕಾಯಿತು. ಈ ಇತಿಹಾಸವನ್ನು ತೊಳೆದು ಬಿಳುಪು ಮಾಡುವುದು ಬೇಡ. ಆದರೆ ಹೊಂದಾಣಿಕೆ ಮಾಡಿಕೊಂಡ ಸಂಸ್ಥೆಗಳೆಲ್ಲ ಉಳಿಯಲಿಲ್ಲ ಎಂಬುದನ್ನೂ ನೋಡಬೇಕು. ಆಳುವವರು ಇಲ್ಲಿ ಹೆಸರು ಬದಲಿಸಬಲ್ಲವರಾಗಿದ್ದರು, ಸಮವಸ್ತ್ರ ತೊಡಿಸಬಲ್ಲವರಾಗಿದ್ದರು. ಏನು ಹಾಡಬೇಕು, ಯಾವತ್ತು ಹಾಡಬೇಕು ಎಂಬುದರ ಬೆನ್ನೆಲುಬು ಮುರಿಯಲಿಲ್ಲ. ಅದನ್ನು ಮುರಿದರೆ ಮೆರೆಸಲು ಕೈಯಲ್ಲೇನೂ ಉಳಿಯುತ್ತಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಚರ್ಚಿಗೆ ಸೇರದವರೇ ಬಹುಸಂಖ್ಯೆಯಲ್ಲಿರುವ ಇಂದಿನ ಲೈಪ್‌ಜಿಗ್‌ನಲ್ಲೂ ಶುಕ್ರವಾರ ಸಂಜೆ ಚರ್ಚಿನ ಬೆಂಚುಗಳು ತುಂಬುತ್ತವೆ. ಬಂದವರಲ್ಲಿ ಭಕ್ತರೆಷ್ಟು, ರಸಿಕರೆಷ್ಟು, ಪ್ರವಾಸಿಗಳೆಷ್ಟು ಎಂದು ಯಾರೂ ಬಾಗಿಲಲ್ಲಿ ಕೇಳುವುದಿಲ್ಲ. ಇದೇ ಲೂಥರ್ ಪರಂಪರೆಯ ಹಾಡಿನ ಧಾಟಿಗಳು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಜೊತೆ ಕರಾವಳಿಗೂ ಬಂದವು, ಕನ್ನಡ ಮಾತು ತೊಟ್ಟು ಅಲ್ಲಿನ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಇಂದಿಗೂ ಕೇಳಿಸುತ್ತವೆ. ಅವುಗಳನ್ನೂ ನೆಲೆ ನಿಲ್ಲಿಸಿದ್ದು ಭಾನುವಾರವೇ.

ಎರಡನೆಯ ಆಕ್ಷೇಪ ಮಕ್ಕಳ ಪರವಾದದ್ದು. ಹಾಡಿನ ಹೊರೆಯಲ್ಲಿ ಓದು ಎಲ್ಲಿ, ಆಟ ಎಲ್ಲಿ? ಇದು ಹೊಸ ಪ್ರಶ್ನೆಯೇನಲ್ಲ. ಬಾಖ್ ಕಾಲದಲ್ಲಿ ಹುಡುಗರು ಏಳಬೇಕಾದದ್ದು ಬೇಸಿಗೆಯಲ್ಲಿ ಐದಕ್ಕೆ, ಚಳಿಗಾಲದಲ್ಲಿ ಆರಕ್ಕೆ. 1734ರಲ್ಲಿ ಮುಖ್ಯೋಪಾಧ್ಯಾಯನಾದ ಯೋಹಾನ್ ಆಗಸ್ಟ್ ಎರ್ನೆಸ್ಟಿಗೆ ಶಾಲೆಯೆಂದರೆ ಮೊದಲು ಓದಿನ ಮನೆ. 1736ರಲ್ಲಿ ಮೇಳದ ಹಿರಿಯ ವಿದ್ಯಾರ್ಥಿ ನಾಯಕನನ್ನು ನೇಮಿಸುವ ಹಕ್ಕು ಯಾರದೆಂದು ಅವನಿಗೂ ಬಾಖ್‌ಗೂ ಜಗಳ ಹತ್ತಿ, ಎರ್ನೆಸ್ಟಿ ನೇಮಿಸಿದ ಹುಡುಗನನ್ನು ಬಾಖ್ ಆರಾಧನೆಯ ನಡುವೆಯೇ ಅಟ್ಟದಿಂದ ಓಡಿಸಿದ. ಯಾರ ಮಾತು ಕೇಳುವುದೆಂದು ತಿಳಿಯದೆ ಮಿಕ್ಕ ಹುಡುಗರು ಕಂಗಾಲಾದರು. ಬಾಖ್‌ನ ಭಕ್ತರು ಎರ್ನೆಸ್ಟಿಯನ್ನು ಖಳನಾಯಕನಂತೆ ಚಿತ್ರಿಸುವುದುಂಟು. ಅದು ಅನ್ಯಾಯ. ಕೆಲವೇ ವರ್ಷದಲ್ಲಿ ಗಂಟಲು ಕೈಕೊಡುವ ಹುಡುಗನಿಗೆ ಮುಂದೆ ಅನ್ನ ಕೊಡುವುದು ಲ್ಯಾಟಿನ್ನೇ ಎಂದು ಅವನು ಲೆಕ್ಕ ಹಾಕಿದ್ದರೆ ತಪ್ಪೇನು? ಇನ್ನೂ ಕರಾಳವಾದ ಮಾತೊಂದಿದೆ. ಜರ್ಮನಿಯದೇ ರೇಗೆನ್ಸ್‌ಬುರ್ಗ್ ನಗರದ ಮತ್ತೊಂದು ಪ್ರಾಚೀನ ಚರ್ಚ್ ಮೇಳದಲ್ಲಿ ದಶಕಗಳ ಕಾಲ ಮಕ್ಕಳ ಮೇಲೆ ದೌರ್ಜನ್ಯ ನಡೆದಿತ್ತೆಂದು 2017ರ ತನಿಖಾ ವರದಿ ಹೇಳಿತು. ಅದು ಗುರುತಿಸಿದ ಸಂತ್ರಸ್ತರು 547. ತಪ್ಪದೆ ನಡೆಯಬೇಕಾದ ಪಂಚಾಂಗ, ಪ್ರಶ್ನಿಸಲಾಗದ ಮೇಷ್ಟ್ರು, ಮನೆಯಿಂದ ದೂರವಿರುವ ಮಗು ಈ ಮೂರೂ ಕೂಡಿದರೆ ಏನಾಗಬಹುದು ಎಂಬುದಕ್ಕೆ ಅದು ಸಾಕ್ಷಿ. ಹಾಗಾಗಿ ಪಂಚಾಂಗವನ್ನು ಹೊಗಳುವವರು ಮೂರರಲ್ಲಿ ನಡುವಿನದನ್ನಾದರೂ ಸಡಿಲಿಸಬೇಕೆಂದು ಒಪ್ಪಲೇಬೇಕು. ಲೈಪ್‌ಜಿಗ್‌ನಲ್ಲಿ ಅದು ಸಡಿಲವಾಗಿರುವ ಸೂಚನೆಯೊಂದು ಈಚೆಗೆ ಸಿಕ್ಕಿತು. ಸ್ವಿಟ್ಜರ್‌ಲೆಂಡಿನ ಆಂಡ್ರೆಯಾಸ್ ರೈಟ್ಸೆ ಹೊಸ ಕ್ಯಾಂಟರ್ ಎಂದು ಗೊತ್ತಾದಾಗ ಮೇಳದ ಹಿರಿಯ ಹುಡುಗರು ಬಹಿರಂಗ ಪತ್ರ ಬರೆದು ಆಯ್ಕೆಯನ್ನು ವಿರೋಧಿಸಿದರು. ವಿರೋಧ ಸರಿಯಿತ್ತೋ ಇಲ್ಲವೋ ಬೇರೆ ಮಾತು; ನಗರಸಭೆ ಮಣಿಯಲಿಲ್ಲ, 2021ರಲ್ಲಿ ಆ ಪೀಠಕ್ಕೆ ರೈಟ್ಸೆ ಬಂದರು, ಸುಧಾರಣೆಯ ನಂತರ ಅಲ್ಲಿ ಕೂತ ಮೊದಲ ಕಥೋಲಿಕರೂ ಅವರೇ. ಬರೀ ಹೇಳಿದಂತೆ ಕೇಳಲು ಕಲಿತ ಮಕ್ಕಳು ಅಂಥ ಪತ್ರ ಬರೆಯುವುದಿಲ್ಲ.

ಮೇಳದಲ್ಲಿ ಹುಡುಗಿಯರಿಗೆ ಯಾಕೆ ಜಾಗವಿಲ್ಲ ಎಂಬ ಪ್ರಶ್ನೆಗೆ ಪರಂಪರೆಯ ಉತ್ತರ ದುರ್ಬಲ. ಇಂಗ್ಲೆಂಡಿನ ಸಾಲ್ಸ್‌ಬರಿ ಕ್ಯಾಥೆಡ್ರಲ್ 1991ರಲ್ಲೇ ಹುಡುಗಿಯರ ಮೇಳ ಕಟ್ಟಿ ಪರಂಪರೆಯೇನೂ ಮುಳುಗುವುದಿಲ್ಲವೆಂದು ತೋರಿಸಿದೆ. ಪಂಚಾಂಗಕ್ಕೆ ಬೇಕಾದದ್ದು ದನಿ. ಅದು ಯಾರ ಗಂಟಲಿನದೆಂಬುದು ಮನುಷ್ಯರ ತೀರ್ಮಾನ. ಹುಡುಗರ ಮೇಳವನ್ನು ಹಾಗೇ ಉಳಿಸಿಕೊಳ್ಳಬೇಕೆಂಬ ವಾದಕ್ಕೂ ಒಂದು ತೂಕವಿದೆ, ಒಂಬತ್ತು ವರ್ಷ ಒಂದೇ ಮೇಳದಲ್ಲಿ ನಾಲ್ಕು ದನಿಗೂ ಬೆಳೆಯುವ ಆ ಏಣಿ ಗಂಟಲು ಒಡೆಯುವ ಹುಡುಗರದೇ ಎಂಬುದು. ಆದರೆ ಆ ಏಣಿಯೇ ಈಗ ಅಲುಗಾಡುತ್ತಿದೆ. ಬಾಖ್ ಕಾಲದಲ್ಲಿ ಹುಡುಗರು ನಿಲಯ ಸೇರುತ್ತಿದ್ದದ್ದು ಸಾಮಾನ್ಯವಾಗಿ ಹದಿಮೂರು ಹದಿನಾಲ್ಕಕ್ಕೆ, ದನಿ ಒಡೆಯುತ್ತಿದ್ದದ್ದು ಹದಿನಾರು ಹದಿನೇಳಕ್ಕೆ. ಪೋಷಣೆ, ಆರೋಗ್ಯ ಸುಧಾರಿಸಿದಂತೆ ಆ ವಯಸ್ಸು ಹಿಂದಕ್ಕೆ ಸರಿಯುತ್ತಾ ಬಂದು ಈಗ ಹದಿಮೂರರ ಆಸುಪಾಸಿನಲ್ಲಿದೆ. ಕೃತಿಗಳು ಅವೇ, ಶುಕ್ರವಾರ ಅದೇ. ಅವುಗಳನ್ನು ಎತ್ತರದ ದನಿಯಲ್ಲಿ ಹಾಡುವವನು ಮಾತ್ರ ಮೊದಲಿಗಿಂತ ಮೂರು ನಾಲ್ಕು ವರ್ಷ ಎಳೆಯವನು. ಪಂಚಾಂಗ ಬಗ್ಗದೆ ಇರುವುದರಿಂದ ಶಾಲೆ ಬಗ್ಗಿದೆ: ಒಂಬತ್ತರ ಮಗುವನ್ನೇ ನಿಲಯಕ್ಕೆ ತರಬೇಕಾಗಿದೆ. ಮಕ್ಕಳ ಪರವಾದ ಆಕ್ಷೇಪ ಹೆಚ್ಚು ಚುಚ್ಚುವುದು ಈ ಜಾಗದಲ್ಲಿ. ಇದಕ್ಕೆ ಲೈಪ್‌ಜಿಗ್ ಹುಡುಕಿಕೊಂಡ ದಾರಿ ನಿಲಯದ ಸುತ್ತಲೇ ‘ಫೋರಂ ಥೋಮಾನುಂ’ ಎಂಬ ಹೆಸರಲ್ಲಿ ಶಿಶುವಿಹಾರ, ಪ್ರಾಥಮಿಕ ಶಾಲೆಗಳನ್ನು ಬೆಳೆಸುವುದು. ಹಾಡಿನ ಅಕ್ಷರಾಭ್ಯಾಸ ಮನೆಯಿಂದಲೇ ಬಂದು ಹೋಗುವ ವಯಸ್ಸಿನಲ್ಲಿ ಆಗಿಬಿಟ್ಟರೆ ನಿಲಯಕ್ಕೆ ಬಂದ ಮೇಲೆ ಸಿಗುವ ನಾಲ್ಕು ವರ್ಷದ ಸೊಪ್ರಾನೊ ಕಾಲದಲ್ಲಿ ಒಂದನ್ನೂ ಸ್ವರ ಗುರುತಿಸಲು ಕಲಿಸುವುದರಲ್ಲಿ ಕಳೆಯಬೇಕಿಲ್ಲ ಎಂಬುದು ಅದರ ಲೆಕ್ಕ.